ತಲೆಯಾಡಿಸುವ ಶಿಷ್ಯರು

ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೂ ನನ್ನನ್ನು ಬಿಡದ ಭಯವೊಂದಿದೆ: ಎದುರಿಗೆ ಕುಳಿತು ತಲೆಯಾಡಿಸುವ ಹುಡುಗರಿಗೆ ನಿಜವಾಗಿ ತಿಳಿಯಿತೆ?

ಮೊನ್ನೆ, ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಯುದ್ಧಕೈದಿಗಳ ವಿಚಾರವಾಗಿ ಕೊರಿಯಕ್ಕೆ ಹೋದ ಸಂಗತಿಯನ್ನು ಓದಲೆಂದು ಪುಸ್ತಕ ಬಿಚ್ಚಿದೆ. ಓದಬೇಕಾದ್ದನ್ನು ಬಿಟ್ಟು ಪಕ್ಕದ ಅಧ್ಯಾಯಕ್ಕೆ ಜಾರುವುದು ನನ್ನ ಹಳೆಯ ಚಾಳಿ. ಅಲ್ಲಿ ಸಿಕ್ಕವರು ನನ್ನ ಕಸುಬಿನವರೇ, ಸೈನಿಕರ ಉಡುಪಿನಲ್ಲಿದ್ದರು ಅಷ್ಟೆ.

1949ರ ಜುಲೈ 1ರಂದು ದಕ್ಷಿಣ ಕೊರಿಯದಲ್ಲಿ ಅಮೆರಿಕದ ಸೈನಿಕ ಸಲಹೆಗಾರರ ತಂಡ ವಿಧಿವತ್ತಾಗಿ ನೆಲೆಗೊಂಡಿತು. ಸುಮಾರು 500 ಮಂದಿ. ಮುಖ್ಯಸ್ಥರು ಜನರಲ್ ವಿಲಿಯಂ ರಾಬರ್ಟ್ಸ್. ಇವರಿಗೆ ಆಜ್ಞೆ ಕೊಡುವ ಅಧಿಕಾರವಿರಲಿಲ್ಲ. ಕೊರಿಯದ ಅಧಿಕಾರಿಯ ಪಕ್ಕದಲ್ಲಿ ನಿಂತು ಸಲಹೆ ಹೇಳಬೇಕು. ಹೇಳುವುದು ಯಾವ ಭಾಷೆಯಲ್ಲಿ? ಕೊರಿಯದ ನುಡಿ ಬಲ್ಲವರು ಅವರಲ್ಲಿ ಅಪರೂಪ. 1945ರ ಡಿಸೆಂಬರಿನಲ್ಲೇ ಸಿಯೋಲಿನಲ್ಲಿ, ಅಧಿಕಾರಿಗಳಾಗಬೇಕಾದವರಿಗೆ ಇಂಗ್ಲಿಷ್ ಕಲಿಸುವ ಶಾಲೆ ತೆರೆದಿದ್ದರು. ಗುರು ಶಿಷ್ಯನ ಮಾತು ಕಲಿಯುವುದಕ್ಕಿಂತ ಶಿಷ್ಯನೇ ಗುರುವಿನ ಮಾತು ಕಲಿಯಲಿ ಎಂಬ ಪದ್ಧತಿ, ನಮಗೇನೂ ಹೊಸದಲ್ಲ!

1910ರಿಂದ 1945ರವರೆಗೆ ಜಪಾನಿನ ಕೈಕೆಳಗಿದ್ದ ಜನ. ಸೈನ್ಯದಲ್ಲಿ ಪಳಗಿದವರು ಅನೇಕರು ಜಪಾನೀ ಮಾತಿನಲ್ಲಿ ಪಳಗಿದವರು. ಸ್ವಂತ ನುಡಿಯಲ್ಲಿ ಹೆಸರಿಲ್ಲದ ವಸ್ತುಗಳಿಗೆ ದುಭಾಷಿಗಳು ಹೆಸರು ಕಟ್ಟಬೇಕಾಯಿತು. ಮೆಷಿನ್‌ಗನ್ ‘ಬಲು ಬೇಗ ಗುಂಡು ಹಾರಿಸುವ ಬಂದೂಕು’ ಆಯಿತು; ಹೆಡ್‌ಲೈಟು ‘ಹೊಳೆಯುವ ಬಟ್ಟಲಿನೊಳಗಿನ ಮೋಂಬತ್ತಿ’. ಓದಿ ನಕ್ಕೆ. ವಿಜ್ಞಾನದ ಪದಗಳಿಗೆ ಕನ್ನಡ ಹುಡುಕಿ ನಾನೇ ಬೆವತದ್ದು ನೆನಪಾಗಿ ನಗು ನಿಂತಿತು. ತಿಳಿಯಲಿಲ್ಲವೆಂದರೆ ಮಾನ ಹೋಗುತ್ತದೆಂದು ಅಧಿಕಾರಿಗಳು ಹೌದು ಹೌದೆನ್ನುತ್ತಾರೆ ಎಂಬುದು ಸಲಹೆಗಾರರ ದೂರು.

ಪಾಠ ಮುಗಿಯಲಿಲ್ಲ. 1950ರ ಜೂನ್ 25ರ ಭಾನುವಾರ ನಸುಕಿನಲ್ಲಿ ಉತ್ತರದ ಸೈನ್ಯ ಟ್ಯಾಂಕುಗಳೊಡನೆ ಬಂತು. ದಕ್ಷಿಣದವರಲ್ಲಿ ಟ್ಯಾಂಕುಗಳೇ ಇರಲಿಲ್ಲ. ಬಹುಪಾಲು ಪಡೆಗಳ ತರಬೇತಿ ಅರ್ಧದಲ್ಲಿತ್ತು. ಜೂನ್ 28ಕ್ಕೆ ಸಿಯೋಲ್ ಬಿತ್ತು. ಸೋಲಿಗೆ ಭಾಷೆಯೊಂದೇ ಕಾರಣವೆಂದರೆ ಅನ್ಯಾಯವಾದೀತು. ಆದರೆ 1951ರಿಂದ, ಯುದ್ಧದ ನಡುವೆಯೇ, ಪಡೆಗಳನ್ನು ಸರದಿಯಂತೆ ಹಿಂದಕ್ಕೆ ಕರೆಸಿ ಮತ್ತೆ ಓನಾಮದಿಂದ ತಿದ್ದಿಸಬೇಕಾಯಿತು.

ಹೋದ ವರ್ಷ ಮೊದಲ ಬೆಂಚಿನ ಹುಡುಗನೊಬ್ಬ ಹಳಗನ್ನಡದಲ್ಲಿ ನಪಾಸಾದ. ವರ್ಷವಿಡೀ ತಲೆಯಾಡಿಸಿದವನು. ಯಾಕಪ್ಪಾ ಎಂದರೆ, “ಮೊದಲ ವಾರದಿಂದಲೇ ತಿಳೀಲಿಲ್ಲ ಸಾರ್. ತಮಗೆ ಬೇಜಾರಾದೀತೂಂತ ಹೇಳಲಿಲ್ಲ” ಎಂದ. ಮತ್ತೆ ಅವನು ಕಾಲೇಜಿಗೆ ಬರಲಿಲ್ಲ. ಅವನು ಕಳೆದುಕೊಂಡದ್ದು ಓದನ್ನು. ಆ ಸೈನಿಕರಲ್ಲಿ ಎಷ್ಟೋ ಮಂದಿ ಕಳೆದುಕೊಂಡದ್ದು ಪ್ರಾಣವನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿಡಲಾರೆ.

ಈಚೆಗೆ ಪಾಠದ ನಡುವೆ ನಿಲ್ಲಿಸಿ, “ನಾನು ಹೇಳಿದ್ದನ್ನು ನಿನ್ನ ಮಾತಿನಲ್ಲಿ ಹೇಳು” ಎನ್ನುತ್ತೇನೆ. ಪಾಠ ನಿಧಾನವಾಗಿದೆ. ತಲೆಯಾಡಿಸುವವರೂ ಕಡಮೆಯಾಗಿದ್ದಾರೆ.