ಕಾಣದ ಕುದುರೆ

ಮೂವತ್ತು ವರ್ಷಗಳಿಗೂ ಮಿಗಿಲಾಗಿ ಹುಡುಗರಿಗೆ ಶಬ್ದರೂಪಗಳನ್ನೂ ಸಂಧಿಸಮಾಸಗಳನ್ನೂ ಬಾಯಿಪಾಠ ಮಾಡಿಸಿ, ಈಗ ನಿವೃತ್ತರಾಗಿ ಮನೆಯ ಜಗುಲಿಯಲ್ಲಿ ಕುಳಿತಿರುವ ನಾವು ಪಿಸ್ತೂಲಿನ ವಿಷಯವಾಗಿ ಲೇಖನಿಯನ್ನು ಹಿಡಿದಿರುವುದನ್ನು ಕಂಡು ವಾಚಕಮಹಾಶಯರು ನಗಬಹುದು. ನಗಲಿ, ಅಡ್ಡಿಯಿಲ್ಲ. ಕಳೆದ ವರ್ಷ ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆವು. ಅಲ್ಲಿ ನಮಗೊದಗಿದ ಒಂದು ಅನುಭವವು ಮಕ್ಕಳಿರುವ ಗೃಹಸ್ಥರೆಲ್ಲರಿಗೂ, ಅದರಲ್ಲಿಯೂ ಮೊಮ್ಮಕ್ಕಳು ಆ ದೇಶದಲ್ಲಿ ಬೆಳೆಯುತ್ತಿರುವವರಿಗೆ, ತಿಳಿದಿರತಕ್ಕುದೆಂದು ತೋರಿದುದರಿಂದ ಇಷ್ಟನ್ನು ಬರೆಯುತ್ತಿದ್ದೇವೆ.

ಆಯುಧಗಳ ಪರಿಚಯವು ನಮಗೆ ತೀರ ಹೊಸದಲ್ಲ. ನಮ್ಮ ಶಾಲೆಯ ಎನ್.ಸಿ.ಸಿ. ತುಕಡಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲದೆಹೋದಾಗ ಮುಖ್ಯೋಪಾಧ್ಯಾಯರು ಆ ಭಾರವನ್ನು ಸಂಸ್ಕೃತ ಪಂಡಿತನ ಹೆಗಲಿಗೇ ಹೊರಿಸಿದರು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾಗಪುರದ ಬಳಿಯ ಕಾಮ್ಟಿಗೆ ತರಬೇತಿಗಾಗಿ ಹೋದೆವು. ಅಲ್ಲಿಯ ಸುಬೇದಾರರೊಬ್ಬರು ಒಂದು ದಿನ ತಮ್ಮ ಸೊಂಟದ ಪಿಸ್ತೂಲನ್ನು ಖಾಲಿಮಾಡಿ, ಎರಡು ಬಾರಿ ಪರೀಕ್ಷಿಸಿ, ನಮ್ಮ ಕೈಯಲ್ಲಿಟ್ಟು, “ಪಂಡಿತ್‌ಜೀ, ಒತ್ತಿ ನೋಡಿ” ಎಂದರು. ಬೆರಳಿನಿಂದ ಎಳೆಯುವ ಆ ಕೊಕ್ಕೆಯನ್ನು, ಎಂದರೆ ಟ್ರಿಗರನ್ನು, ನಾವು ಎಷ್ಟು ಒತ್ತಿದರೂ ಏನೂ ಆಗಲಿಲ್ಲ. ಸುಬೇದಾರರು ನಕ್ಕು, ತೋಟಾಗಳಿಲ್ಲದ ಬರಿಯ ಮ್ಯಾಗಜೀನನ್ನು ಹಿಡಿಯೊಳಕ್ಕೆ ಸೇರಿಸಿ ಮತ್ತೆ ಕೊಟ್ಟರು. ಈ ಸಲ ಒತ್ತಿದೊಡನೆ “ಟಕ್” ಎಂದಿತು. “ಮ್ಯಾಗಜೀನು ಒಳಗಿಲ್ಲದಿದ್ದರೆ ಇದು ಹಾರುವುದಿಲ್ಲ, ಇದೊಂದು ಬೀಗ” ಎಂದು ಅವರು ವಿವರಿಸಿದರು.

ಆ ಪಿಸ್ತೂಲು ಬೆಲ್ಜಿಯಂ ದೇಶದಲ್ಲಿ 1935ರಲ್ಲಿ ಹೊರಬಂದ ಬ್ರೌನಿಂಗ್ ಹೈಪವರ್ ಎಂಬುದರ ಮಾದರಿಯದು. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ನಮ್ಮ ಸೈನ್ಯಕ್ಕಾಗಿ ತಯಾರಾದುದು. ನಮ್ಮ ಕಡೆಯ ತೋಟದ ಕೋವಿಗಳಲ್ಲಿ ತೋಟಾದ ಬೆನ್ನಿಗೆ ಹೊಡೆಯುವ ಸುತ್ತಿಗೆಯನ್ನು “ಕುದುರೆ” ಎನ್ನುವ ವಾಡಿಕೆಯುಂಟು. ಆ ಪಿಸ್ತೂಲಿನಲ್ಲಿಯೂ ಕುದುರೆಯು ಹಿಂಭಾಗದಲ್ಲಿ ಕಣ್ಣಿಗೆ ಕಾಣುವಂತೆ ಇತ್ತು. ಅದು ಎದ್ದು ನಿಂತಿದೆಯೋ ಮಲಗಿದೆಯೋ ಎಂಬುದನ್ನು ಮಾರು ದೂರದಿಂದಲೇ ತಿಳಿಯಬಹುದಾಗಿದ್ದಿತು. ಈ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಟೆಕ್ಸಾಸಿನ ಕಥೆ. ನಮ್ಮ ಅಳಿಯಂದಿರು ಅಲ್ಲಿಯೇ ಹುಟ್ಟಿ ಬೆಳೆದ ಕನ್ನಡಿಗರು, ಸೌಮ್ಯಸ್ವಭಾವದವರು. ಬೀದಿಯಲ್ಲಿ ಒಂದೆರಡು ಕಳ್ಳತನಗಳಾದ ಮೇಲೆ ಅವರು ಒಂದು ಪಿಸ್ತೂಲನ್ನು ಕೊಂಡು ಮಲಗುವ ಕೋಣೆಯ ಸೆಳೆಖಾನೆಯಲ್ಲಿ ಇಟ್ಟಿದ್ದರು. ಮೊಮ್ಮಗನಿಗೆ ಆರು ವರ್ಷ. ಬಣ್ಣದ ಕಡ್ಡಿಗಳನ್ನು ಹುಡುಕುವ ನೆಪದಲ್ಲಿ ಅವನು ತೆರೆಯದ ಸೆಳೆಖಾನೆಯಿಲ್ಲ. ನಮ್ಮ ಮುಖದಲ್ಲಿ ಕಳವಳವನ್ನು ಕಂಡ ಅಳಿಯಂದಿರು ಒಡನೆಯೇ ಮ್ಯಾಗಜೀನನ್ನು ಹೊರತೆಗೆದು ಮೇಲಿನ ಕಪಾಟಿಗೆ ಸೇರಿಸಿ, “ಇನ್ನು ಭಯವಿಲ್ಲ ಮಾವ, ಇದು ಖಾಲಿ” ಎಂದರು. ಕಾಮ್ಟಿಯ ಪಾಠವನ್ನು ನೆನೆದು ನಾವೂ ಸಮಾಧಾನಗೊಂಡೆವು. ಪಿಸ್ತೂಲಿನ ಹಿಂಭಾಗದಲ್ಲಿ ಎದ್ದು ನಿಂತ ಕುದುರೆಯೂ ಇರಲಿಲ್ಲ. ಹತ್ತು ರಾತ್ರಿ ಸುಖವಾಗಿ ನಿದ್ರಿಸಿದೆವು.

ಒಂದು ಭಾನುವಾರ ಅಳಿಯಂದಿರು ಗುರಿಯಭ್ಯಾಸದ ಶಾಲೆಗೆ ನಮ್ಮನ್ನೂ ಕರೆದುಕೊಂಡು ಹೋದರು. ಅಂದು ಮನೆಯ ಪಿಸ್ತೂಲನ್ನು ಒಯ್ಯದೆ ಅಲ್ಲಿಯದನ್ನೇ ಬಾಡಿಗೆಗೆ ಪಡೆದರು. ಪ್ರವಾಸಿಯಾಗಿ ಬಂದ ಪರದೇಶಿಯು ಆಯುಧವನ್ನು ಹಿಡಿಯುವುದಕ್ಕೆ ಆ ದೇಶದ ಕಾನೂನು ಸಾಮಾನ್ಯವಾಗಿ ಒಪ್ಪದಾದುದರಿಂದ ನಾವು ಗಾಜಿನ ಗೋಡೆಯ ಈಚೆಯಲ್ಲಿ ಕುಳಿತೆವು. ಅಲ್ಲಿಯ ಶಿಕ್ಷಕರು ನಮ್ಮ ವಯಸ್ಸಿನವರೇ. ಪೊಲೀಸು ಕೆಲಸದಿಂದ ನಿವೃತ್ತರಾದವರು. ನಾವೂ ಉಪಾಧ್ಯಾಯರೆಂದು ತಿಳಿದು, ಗುಂಡು ಹಾರಿಸಲಾಗದ ಅಭ್ಯಾಸದ ಗೊಂಬೆಪಿಸ್ತೂಲೊಂದನ್ನು ನಮ್ಮ ಕೈಗೆ ಕೊಟ್ಟು ಪಾಠವನ್ನಾರಂಭಿಸಿದರು.

ಅವರ ಪಾಠದ ಸಾರವಿದು. ಅಮೆರಿಕದ ಸೈನ್ಯವು 1911ರಲ್ಲಿ ಅಂಗೀಕರಿಸಿದ, ಜಾನ್ ಬ್ರೌನಿಂಗ್ ಎಂಬವರು ರಚಿಸಿದ ಪಿಸ್ತೂಲಿನಲ್ಲಿ ಟ್ರಿಗರು ನೇರವಾಗಿ ಹಿಂದಕ್ಕೆ ಜರುಗುವುದು. ಅದರ ಓಟ ಬಹು ಸ್ವಲ್ಪ. ಕುದುರೆಯು ಮೊದಲೇ ಎದ್ದು ನಿಂತಿರುವುದರಿಂದ ಬೆರಳಿಗೆ ಅದನ್ನು ಬಿಡಿಸುವ ಕೆಲಸವೊಂದೇ. ಇಂತಹ ಸುಲಭವಾದ ಟ್ರಿಗರಿಗೆ ಎರಡು ಅಗುಳಿಗಳನ್ನಿಟ್ಟರು: ಒಂದು ಹೆಬ್ಬೆರಳಿಗೆ ಸಿಕ್ಕುವುದು, ಇನ್ನೊಂದು ಹಿಡಿಯ ಬೆನ್ನಿನಲ್ಲಿದ್ದು ಅಂಗೈ ಒತ್ತಿದಾಗ ಮಾತ್ರ ಬಿಡುವುದು. ಮುಂದೆ 1929ರಲ್ಲಿ ಜರ್ಮನಿಯ ವಾಲ್ಟರ್ ಕಂಪೆನಿಯವರು ಬೇರೊಂದು ಮಾರ್ಗವನ್ನು ಹಿಡಿದರು. ಅವರ ಪಿಸ್ತೂಲಿನಲ್ಲಿ ಮೊದಲ ಗುಂಡಿಗೆ ಮಲಗಿದ ಕುದುರೆಯನ್ನು ಬೆರಳೇ ಎಬ್ಬಿಸಿ ಬಿಡಬೇಕು. ಆದುದರಿಂದ ಆ ಎಳೆತ ಉದ್ದ ಮತ್ತು ಭಾರ. ಅನಂತರದ ಗುಂಡುಗಳಿಗೆ ಕುದುರೆಯು ತಾನಾಗಿಯೇ ಎದ್ದಿರುವುದರಿಂದ ಎಳೆತ ಗಿಡ್ಡ ಮತ್ತು ಹಗುರ. ಅಮೆರಿಕದ ಸೈನ್ಯವು 1985ರಲ್ಲಿ ಆರಿಸಿಕೊಂಡ ಇಟಲಿಯ ಬೆರೆಟ್ಟಾ ಪಿಸ್ತೂಲೂ ಈ ಬಗೆಯದೇ. ಒಂದೇ ಆಯುಧದಲ್ಲಿ ಎರಡು ಬಗೆಯ ಎಳೆತಗಳಿರುವುದು ಕಲಿಯುವವರಿಗೆ ದೊಡ್ಡ ತೊಡಕಾಗಿದ್ದಿತು.

1980ರ ದಶಕದ ಮೊದಲಿನಲ್ಲಿ ಆಸ್ಟ್ರಿಯಾ ದೇಶದ ಗಾಸ್ಟನ್ ಗ್ಲಾಕ್ ಎಂಬವರು ತಮ್ಮ ಪಿಸ್ತೂಲಿನಲ್ಲಿ ಈ ತೊಡಕನ್ನು ಪರಿಹರಿಸಿದರು. ಅದರ ಹಿಡಿಯು ಗಟ್ಟಿಯಾದ ಪ್ಲಾಸ್ಟಿಕ್ಕಿನದು. ಹೊರಗೆ ಕಾಣುವ ಕುದುರೆಯೇ ಇಲ್ಲ. ಸ್ಪ್ರಿಂಗಿನಿಂದ ಬಿಗಿದ ಮೊಳೆಯೊಂದು ಒಳಗೆ ಅರ್ಧ ಸಿದ್ಧವಾಗಿ ಕಾದಿರುವುದು. ಹೆಬ್ಬೆರಳಿನ ಅಗುಳಿಯೂ ಇಲ್ಲ. ಟ್ರಿಗರಿನ ನಡುವೆ ಒಂದು ಸಣ್ಣ ನಾಲಿಗೆಯಿದ್ದು, ಬೆರಳು ಅದನ್ನು ಅದುಮಿದಾಗ ಮಾತ್ರ ಟ್ರಿಗರು ಹಿಂದೆ ಸರಿಯುವುದು. ಕೆಳಗೆ ಬಿದ್ದಾಗ ಹಾರದಂತೆ ತಡೆಯುವ ಇನ್ನೆರಡು ತಡೆಗಳು ಒಳಗಿರುವುವು. ಮೊದಲ ಗುಂಡಿಗೂ ಕೊನೆಯ ಗುಂಡಿಗೂ ಎಳೆತ ಒಂದೇ. ಸುಮಾರು ಎರಡೂವರೆ ಕಿಲೋಗ್ರಾಂ ಭಾರದಷ್ಟು. ಹೊಸ ಪಿಸ್ತೂಲುಗಳಲ್ಲಿ ಹೆಚ್ಚಿನವು ಈ ಹಾದಿಯನ್ನೇ ಹಿಡಿದಿವೆ.

ಎಳೆತವು ಹಗುರವಿರಬೇಕೋ ಭಾರವಿರಬೇಕೋ ಎಂಬ ವಾದವು ಮಾತ್ರ ಮುಗಿದಿಲ್ಲ. ನ್ಯೂಯಾರ್ಕ್ ನಗರದ ಪೊಲೀಸರು ಆಕಸ್ಮಿಕವಾಗಿ ಗುಂಡು ಹಾರುವ ಭಯದಿಂದ ಇದರ ಇಮ್ಮಡಿಗೂ ಮಿಗಿಲಾದ ಭಾರವನ್ನು ಒಂದು ಕಾಲದಲ್ಲಿ ಹಾಕಿಸಿದ್ದರು. ಭಾರ ಹೆಚ್ಚಿದಂತೆ ಕೈ ನಡುಗಿ ಗುರಿ ತಪ್ಪುವುದೆಂದು ಬಲ್ಲವರು ಆಕ್ಷೇಪಿಸಿದರು. 2017ರಲ್ಲಿ ಅಮೆರಿಕದ ಸೈನ್ಯವು ಸಿಗ್ ಸೌಯರ್ ಕಂಪೆನಿಯ ಪಿ320 ಮಾದರಿಯನ್ನು ಆರಿಸಿಕೊಂಡಾಗ ಹೆಬ್ಬೆರಳಿನ ಅಗುಳಿಯು ಇರಲೇಬೇಕೆಂದು ಕೇಳಿ ಹಾಕಿಸಿಕೊಂಡಿತು. ಅದೇ ವರ್ಷ, ಮಾರುಕಟ್ಟೆಯಲ್ಲಿದ್ದ ಆ ಮಾದರಿಯು ಒಂದು ಬಗೆಯ ಓರೆಯಲ್ಲಿ ನೆಲಕ್ಕೆ ಬಿದ್ದರೆ ಹಾರಬಹುದೆಂಬುದು ಪರೀಕ್ಷೆಗಳಿಂದ ಹೊರಬಿದ್ದ ಮೇಲೆ, ಕಂಪೆನಿಯವರು ಹಿಂದಿನದಕ್ಕಿಂತ ಹಗುರವಾದ ಟ್ರಿಗರನ್ನು ಬದಲಾಯಿಸಿ ಕೊಡಲು ಮುಂದಾದರು. ಟ್ರಿಗರಿನ ತೂಕವೇ ಹೆಚ್ಚಾಗಿದ್ದರೆ ಬಿದ್ದ ಪೆಟ್ಟಿಗೆ ಅದು ತಾನಾಗಿಯೇ ಹಿಂದೆ ಸರಿಯಬಲ್ಲುದಷ್ಟೆ.

ಶಿಕ್ಷಕರು ಆಮೇಲೆ ಗೊಂಬೆಪಿಸ್ತೂಲಿನ ಟ್ರಿಗರನ್ನು ಮೆಲ್ಲಗೆ ಒತ್ತಲು ಹೇಳಿದರು. ಮೊದಲು ಸ್ವಲ್ಪ ದೂರ ಸಡಿಲವಾಗಿ ಬಂದಿತು. ಬಳಿಕ ಗೋಡೆಗೆ ತಾಕಿದಂತೆ ನಿಂತಿತು. ಇನ್ನಷ್ಟು ಒತ್ತಲು ಗಾಜಿನ ಕಡ್ಡಿಯು ಮುರಿದಂತೆ ತಟಕ್ಕನೆ ಬಿಟ್ಟಿತು. ಬೆರಳನ್ನು ಸಡಿಲಿಸುತ್ತ ಬರಲು ಒಂದೆಡೆ “ಕಟ್” ಎಂದು ಮತ್ತೆ ಸಿದ್ಧವಾಯಿತು. ಎನ್.ಸಿ.ಸಿ.ಯ ರೈಫಲ್ಲಿನಲ್ಲಿ ಹುಡುಗರಿಗೆ “ಮೊದಲ ಒತ್ತು, ಎರಡನೆಯ ಒತ್ತು” ಎಂದು ನಾವು ಹೇಳಿಕೊಡುತ್ತಿದ್ದುದು ಇದನ್ನೇ. ಈ ಗೋಡೆಯು ಸ್ಪಷ್ಟವಾಗಿಯೂ ಮುರಿತವು ಶುದ್ಧವಾಗಿಯೂ ಇರಬೇಕೆಂದು ಈಗಿನ ಕಂಪೆನಿಗಳು ತಮ್ಮತಮ್ಮೊಳಗೆ ಪೈಪೋಟಿ ನಡೆಸುತ್ತಿವೆಯಂತೆ. ಬೆರಳಿಗೆ ಅದು ನಿಜವಾಗಿಯೂ ಹಿತವಾಗಿದ್ದಿತೆಂದು ಒಪ್ಪಿಕೊಳ್ಳುತ್ತೇವೆ.

ನಾವು ನಮ್ಮ ವಿದ್ಯೆಯನ್ನು ತೋರಿಸುವ ಆಸೆಯಿಂದ, “ಮ್ಯಾಗಜೀನನ್ನು ತೆಗೆದರೆ ಇದು ಹಾರುವುದಿಲ್ಲವಷ್ಟೆ?” ಎಂದು ಕೇಳಿದೆವು. ಅವರ ನಗು ಮಾಯವಾಯಿತು. “ಹಾಗೆಂದು ಎಂದಿಗೂ ನಂಬಬೇಡಿ” ಎಂದರು. ಹೈಪವರಿನಲ್ಲಿದ್ದ ಆ ಬೀಗವು ಟ್ರಿಗರಿನ ಓಟಕ್ಕೆ ಉಜ್ಜುತ್ತ, ಎಳೆತವನ್ನು ತರಿತರಿಯಾಗಿ ಮಾಡುತ್ತಿದ್ದಿತಂತೆ. ಮ್ಯಾಗಜೀನು ಬದಲಿಸುವ ಹೊತ್ತಿನಲ್ಲಿ ಶತ್ರುವು ಎದುರಾದರೆ ಆಯುಧವು ನಿರುಪಯೋಗಿಯಾಗುವುದೆಂಬ ದೂರೂ ಇದ್ದಿತು. ಆದುದರಿಂದ ಹೊಸ ಪಿಸ್ತೂಲುಗಳಲ್ಲಿ ಹೆಚ್ಚಿನವುಗಳಲ್ಲಿ ಅದು ಇಲ್ಲ. ಹೈಪವರನ್ನು ಮೊದಲು ತಯಾರಿಸಿದ ಬೆಲ್ಜಿಯಂ ಕಂಪೆನಿಯೇ 2022ರಲ್ಲಿ ಅದನ್ನು ಹೊಸದಾಗಿ ರಚಿಸಿ ತಂದಾಗ ಆ ಬೀಗವನ್ನು ಕೈಬಿಟ್ಟಿತು. ಮ್ಯಾಗಜೀನನ್ನು ಹೊರತೆಗೆದರೂ ನಳಿಗೆಯ ಬುಡದ ಗೂಡಿನಲ್ಲಿ ತೋಟಾ ಒಂದು ಉಳಿದಿರಬಹುದು. ಅದೊಂದು ಹಾರಿಯೇ ಹಾರುವುದು.

ಮನೆಗೆ ಹಿಂದಿರುಗುವ ದಾರಿಯಲ್ಲಿ ನಾವು ಮಾತನಾಡಲಿಲ್ಲ. ಬಂದೊಡನೆ, “ಒಮ್ಮೆ ಅದನ್ನು ತೆಗೆದು ಮೇಲ್ಭಾಗವನ್ನು ಹಿಂದಕ್ಕೆ ಎಳೆಯಿರಿ” ಎಂದು ಅಳಿಯಂದಿರನ್ನು ಬೇಡಿದೆವು. “ಅದು ಖಾಲಿಯೇ ಮಾವ” ಎನ್ನುತ್ತಲೇ ಅವರು ಎಳೆದರು. ಹಿತ್ತಾಳೆಯ ತೋಟಾ ಒಂದು ಹೊರಕ್ಕೆ ಚಿಮ್ಮಿ, ಹಾಸಿಗೆಯ ಮೇಲೆ ಬಿದ್ದು, ಉರುಳಿ ನಿಂತಿತು. ಮಗಳು ಬಾಗಿಲಲ್ಲಿ ನಿಂತಿದ್ದಳು. ಯಾರೂ ಮಾತನಾಡಲಿಲ್ಲ. ಅವಳ ಸೆರಗಿನ ಹಿಂದಿನಿಂದ ಮೊಮ್ಮಗನು ಇಣಿಕಿ, “ತಾತ, ಅದೇನು ಹೊಳೀತಿರೋದು? ನನಗೆ ಕೊಡಿ” ಎಂದನು.

ಅಂದು ರಾತ್ರಿ ಅಳಿಯಂದಿರು ನಮ್ಮ ಬಳಿ ಬಂದು ಕುಳಿತು, “ತಪ್ಪಾಯಿತು ಮಾವ” ಎಂದರು. ತಪ್ಪು ಅವರೊಬ್ಬರದೇ ಅಲ್ಲ. ಹತ್ತು ರಾತ್ರಿ ನಾವೂ ನೆಮ್ಮದಿಯಾಗಿ ಮಲಗಿದ್ದೆವಲ್ಲ! ಮೂವತ್ತು ವರ್ಷಗಳ ಹಿಂದಿನ ಒಂದು ಪಿಸ್ತೂಲಿನ ಪಾಠವನ್ನು ಎಲ್ಲ ಪಿಸ್ತೂಲುಗಳಿಗೂ ಅನ್ವಯಿಸಿದುದು ನಮ್ಮ ಅಜ್ಞಾನ. ಒಂದು ಸೂತ್ರವನ್ನು ಅದರ ಅಧಿಕಾರವಿಲ್ಲದೆಡೆಯಲ್ಲಿ ಪ್ರಯೋಗಿಸಿದ ಹುಡುಗನ ಕಿವಿಯನ್ನು ಹಿಂಡುತ್ತಿದ್ದ ಉಪಾಧ್ಯಾಯರೇ ಆ ತಪ್ಪನ್ನು ಮಾಡಿದ್ದೆವು.

ಮರುದಿನವೇ ಅಂಕೆಗಳ ಬೀಗವುಳ್ಳ ಉಕ್ಕಿನ ಪೆಟ್ಟಿಗೆಯೊಂದು ಬಂದು ಗೋಡೆಗೆ ಭದ್ರವಾಯಿತು. ಪಿಸ್ತೂಲು ಅದರೊಳಗೆ, ತೋಟಾಗಳು ಬೇರೊಂದರಲ್ಲಿ. ಮಗುವಿಗೆ ಎಟಕುವಂತೆ ಆಯುಧವನ್ನು ಇಡುವುದು ಟೆಕ್ಸಾಸಿನಲ್ಲಿ ಅಪರಾಧವೆಂಬುದೂ ಆಗ ತಿಳಿಯಿತು. ಮಗಳೂ ಆಯುಧವನ್ನು ಖಾಲಿಮಾಡುವ ಕ್ರಮವನ್ನು ಶಿಕ್ಷಕರಿಂದ ಕಲಿತಳು: ಮೊದಲು ಮ್ಯಾಗಜೀನು, ಆಮೇಲೆ ಮೇಲ್ಭಾಗವನ್ನು ಎಳೆಯುವುದು, ಆಮೇಲೆ ಗೂಡನ್ನು ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟುವುದು, ಅಷ್ಟು ಹೊತ್ತೂ ಬೆರಳು ಟ್ರಿಗರಿನಿಂದ ಹೊರಗೆ. ಮೊಮ್ಮಗನಿಗೆ ನಾವು ಕಲಿಸಿದ್ದು ಒಂದೇ ವಾಕ್ಯ: “ಕಂಡರೆ ಮುಟ್ಟಬೇಡ, ದೊಡ್ಡವರನ್ನು ಕರೆ.” ಅದನ್ನು ಅವನು ಶ್ಲೋಕದಂತೆ ದಿನವೂ ಒಪ್ಪಿಸುತ್ತಿದ್ದನು.

ಅರ್ಗಲವೆಂದರೆ ಅಗುಳಿ. ಆಯುಧವನ್ನು ಮಾಡುವವರು ಬೆರಳಿನ ಹಿತಕ್ಕಾಗಿಯೂ ಆಪತ್ತಿನಲ್ಲಿ ತ್ವರೆಗಾಗಿಯೂ ಹೊರಗಿನ ಅಗುಳಿಗಳನ್ನು ಒಂದೊಂದಾಗಿ ತೆಗೆಯುತ್ತ ಬಂದಿದ್ದಾರೆ. ಪೊಲೀಸಿನವರಿಗೂ ಸಿಪಾಯಿಗಳಿಗೂ ಅದು ಯುಕ್ತವೇ ಇರಬಹುದು. ಅದನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಹೊರಗೆ ನಿಂತ ಕುದುರೆಯಾದರೆ ಎದ್ದಿದೆಯೆಂದು ಕಂಡೇ ತಿಳಿಯಬಹುದು. ಲಾಯದೊಳಗೆ ಕಟ್ಟಿದ ಕುದುರೆಯು ಕಾಣುವುದಿಲ್ಲ. ಹಾಗಿರುವಾಗ ಆಯುಧದಿಂದ ಕಳಚಿದ ಅಗುಳಿಯನ್ನು ಗೃಹಸ್ಥನು ತನ್ನ ಮನೆಯಲ್ಲಿ ಹಾಕಿಕೊಳ್ಳಲೇಬೇಕು. ಆ ತೋಟಾವನ್ನು ಅಳಿಯಂದಿರು ಉಳಿದವುಗಳೊಡನೆ ಸೇರಿಸದೆ ಬೇರೆಯಾಗಿ ಇಟ್ಟಿದ್ದಾರೆ. ಏಕೆಂದು ನಾವು ಕೇಳಲಿಲ್ಲ.