ಮೋಟಾರ್ ದುಡ್ಡು

2025ರ ಯುಗಾದಿ ಮುಗಿದು ಎರಡು-ಮೂರು ದಿನಕ್ಕೆ ಚಿಕ್ಕಮ್ಮನ ತೋಟದ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. ದೇವನಹಳ್ಳಿ ತಾಲ್ಲೂಕು ಕುಂದಾಣ ಹೋಬಳಿಯಲ್ಲಿ ಅವರದು ಒಂದೂವರೆ ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ. ನೆತ್ತಿ ಸುಡುವ ಬಿಸಿಲು. ಮೆಕ್ಯಾನಿಕ್ ಬಂದು ನೋಡಿ, ರಿಪೇರಿ ಮಾಡಿಸಿ ಪ್ರಯೋಜನ ಇಲ್ಲ, ಹೊಸದೇ ಇಳಿಸಬೇಕು, 45 ಸಾವಿರ ಇಟ್ಟುಕೊಳ್ಳಿ ಅಂದ. ಚಿಕ್ಕಮ್ಮನ ಮಗನ ಹತ್ತಿರ ಇದ್ದದ್ದು 22 ಸಾವಿರ.

ಅವನು ನನಗಿಂತ ಏಳು ವರ್ಷ ಚಿಕ್ಕವನು. ನಂದಿ ಬೆಟ್ಟದ ತಪ್ಪಲಿನ ಒಂದು ಗಾಲ್ಫ್ ಕೋರ್ಸಿನಲ್ಲಿ ಕ್ಯಾಡಿ. ಅಂದರೆ ಆಡುವವರ ಬ್ಯಾಗ್ ಹೊತ್ತುಕೊಂಡು, ಚೆಂಡು ಎಲ್ಲಿ ಬಿತ್ತು ನೋಡಿ, ಇಲ್ಲಿಂದ ಎಷ್ಟು ದೂರ, ಯಾವ ಕೋಲು ತಗೋಬೇಕು ಅಂತ ಹೇಳುವ ಕೆಲಸ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಕಡೆಯ ಊರುಗಳ ಕಥೆ ನಿಮಗೆಲ್ಲ ಗೊತ್ತೇ ಇದೆ. ಕಾರಹಳ್ಳಿ ಹತ್ತಿರ ಪ್ರೆಸ್ಟೀಜ್ ಗಾಲ್ಫ್‌ಶೈರ್ ಬಂತು, ರಸ್ತೆ ಅಗಲವಾಯಿತು, ಚಕ್ಕೋತದ ಗಿಡಗಳಿದ್ದ ಕಡೆ ಕಾಂಪೌಂಡ್ ಗೋಡೆ ಎದ್ದಿತು. ಚಿಕ್ಕಮ್ಮ ಮಾತ್ರ ತೋಟ ಮಾರಲಿಲ್ಲ. "ದುಡ್ಡು ಬ್ಯಾಂಕಲ್ಲಿ ಇಟ್ರೆ ಹೂ ಬಿಡ್ತದಾ?" ಅಂತ ಕೇಳುತ್ತಿದ್ದರು.

ನನ್ನದು ದೊಡ್ಡಬಳ್ಳಾಪುರ. ಅಪ್ಪನದು ಮಗ್ಗದ ಮನೆ. ವಿದ್ಯುತ್ ಮಗ್ಗದ ಸದ್ದಿನಲ್ಲೇ ಓದಿ ಇಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಸೇರಿದವನು. ಗಾಲ್ಫ್ ನೋಡಿದ್ದು 2021ರ ಆಗಸ್ಟ್ 7ರ ಶನಿವಾರ ಬೆಳಗ್ಗೆ ಮೊದಲು. ಟೋಕಿಯೊ ಒಲಿಂಪಿಕ್ಸ್, ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಹತ್ತಿರ ಇದ್ದಾರೆ ಅಂತ ಇಡೀ ದೇಶ ಟಿವಿ ಮುಂದೆ ಕೂತಿತ್ತು. ನಮ್ಮಮ್ಮನಿಗೆ ಆಟ ಅರ್ಥವಾಗದಿದ್ದರೂ ಅದಿತಿಗೆ ಅವರ ತಾಯಿಯೇ ಕ್ಯಾಡಿ ಅಂತ ಗೊತ್ತಾದ ಮೇಲೆ ಒಲೆ ಆರಿಸಿ ಬಂದು ಕೂತರು. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ಅದಿತಿ ನಾಲ್ಕನೆಯವರಾದರು. ಆವತ್ತು ಫೋನ್ ಮಾಡಿ ಪ್ರತಿ ಹೊಡೆತ ವಿವರಿಸಿದವನು ಈ ತಮ್ಮ. ಅವನಿಂದಲೇ ನನಗೂ ಹುಚ್ಚು ಹಿಡಿಯಿತು.

ಆದರೆ ನನ್ನ ಹುಚ್ಚು ಬೇರೆ ದಾರಿ ಹಿಡಿಯಿತು. ಅವನು ಆಟ ನೋಡುತ್ತಿದ್ದ, ನಾನು ಅಂಕಿ ನೋಡುತ್ತಿದ್ದೆ. ಗಾಲ್ಫ್‌ನಲ್ಲಿ ಸ್ಟ್ರೋಕ್ಸ್ ಗೇನ್ಡ್ ಅಂತ ಒಂದು ಲೆಕ್ಕ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ರೂಪಿಸಿದ್ದು. ಚೆಂಡು ಇಷ್ಟು ದೂರದಲ್ಲಿ ಇಂಥ ಹುಲ್ಲಿನಲ್ಲಿ ಇದ್ದರೆ ಸರಾಸರಿ ಎಷ್ಟು ಹೊಡೆತಕ್ಕೆ ಗುಳಿ ಸೇರುತ್ತೆ, ಈ ಆಟಗಾರ ಅದಕ್ಕಿಂತ ಎಷ್ಟು ಉಳಿಸಿದ ಅಥವಾ ಕಳೆದ ಅಂತ ಪ್ರತಿ ಹೊಡೆತಕ್ಕೂ ಬೆಲೆ ಕಟ್ಟುವುದು. ಸಾಫ್ಟ್‌ವೇರ್‌ನವನಿಗೆ ಇದಕ್ಕಿಂತ ಬೆಲ್ಲ ಬೇಕಾ? ಶನಿವಾರ-ಭಾನುವಾರ ಕೂತು ಒಂದು ಪ್ರೋಗ್ರಾಂ ಬರೆದೆ. ಕಳೆದ ಐದಾರು ತಿಂಗಳ ಆಟ, ಆ ಕೋರ್ಸಿನಲ್ಲಿ ಹಿಂದೆ ಹೇಗೆ ಆಡಿದ್ದ, ಗಾಳಿ, ಮಳೆ ಎಲ್ಲ ಹಾಕಿದರೆ ಟೂರ್ನಿಗೆ ಮುಂಚೆಯೇ ಯಾರು ಗೆಲ್ಲುವ ಸಾಧ್ಯತೆ ಶೇಕಡಾ ಎಷ್ಟು ಅಂತ ಪಟ್ಟಿ ಕೊಡುತ್ತಿತ್ತು.

ಪಟ್ಟಿ ಕೈಯಲ್ಲಿದ್ದ ಮೇಲೆ ಸುಮ್ಮನಿರಲು ಆಗಲಿಲ್ಲ. ಹೊರದೇಶದ ಒಂದು ಬೆಟ್ಟಿಂಗ್ ಸೈಟ್. ಅದು ಸರಿಯಲ್ಲ ಅಂತ ಗೊತ್ತಿತ್ತು; ದುಡ್ಡು ಹಾಕುವಾಗ ಪ್ರತಿ ಸಲ ಬೇರೆ ಬೇರೆ ಹೆಸರಿನ ಯುಪಿಐ ಖಾತೆ ಬರುತ್ತಿತ್ತು ಅಂದರೆ ಅರ್ಥ ಮಾಡಿಕೊಳ್ಳಿ. ಮಾರ್ಚ್‌ನಲ್ಲಿ ಫ್ಲಾರಿಡಾದ ಒಂದು ಟೂರ್ನಿಯಲ್ಲಿ ನಾನು ಆರಿಸಿದ ಮೂವರಲ್ಲಿ ಒಬ್ಬ ಮೊದಲ ಹತ್ತರೊಳಗೆ ಬಂದ. 6,200 ರೂಪಾಯಿ ಬಂತು. ತಮ್ಮನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಈಗ ಯೋಚಿಸಿದರೆ ಆ ಸ್ಕ್ರೀನ್‌ಶಾಟೇ ನಾನು ಮಾಡಿದ ಮೊದಲ ತಪ್ಪು. ಸೋತ ಸಲದ್ದು ಒಂದೂ ಕಳಿಸಿರಲಿಲ್ಲವಲ್ಲ.

ಏಪ್ರಿಲ್ 10ಕ್ಕೆ ಮಾಸ್ಟರ್ಸ್ ಶುರು. ಅಮೆರಿಕದ ಅಗಸ್ಟಾದಲ್ಲಿ ನಡೆಯುವ ಇದು ಗಾಲ್ಫ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು. ನಾಲ್ಕು ದಿನ, ದಿನಕ್ಕೆ 18 ಗುಳಿ, ಒಟ್ಟು 72. ಆಹ್ವಾನ ಬಂದವರು ಮಾತ್ರ ಆಡಬೇಕು, ಹಾಗಾಗಿ ಆಟಗಾರರು ನೂರಕ್ಕಿಂತ ಕಡಿಮೆ. ಎರಡು ದಿನ ಆದ ಮೇಲೆ ಮೊದಲ 50 ಸ್ಥಾನದವರು ಉಳಿಯುತ್ತಾರೆ, ಉಳಿದವರು ಮನೆಗೆ. ನನ್ನ ಪ್ರೋಗ್ರಾಂ ಕಣ್ಣುಮುಚ್ಚಿ ಸ್ಕಾಟಿ ಶೆಫ್ಲರ್ ಅಂದಿತು. ವಿಶ್ವದ ನಂಬರ್ ಒನ್, 2022 ಮತ್ತು 2024ರಲ್ಲಿ ಅಲ್ಲೇ ಗೆದ್ದವನು.

ಬುಧವಾರ ರಾತ್ರಿ ತಮ್ಮ ಫೋನ್ ಮಾಡಿದ. "ಅಣ್ಣ, ಯಾರ್ ಹೊಡೀತಾರೆ ಈ ಸಲ?"

"ಶೆಫ್ಲರ್."

"ನಂಗ್ಯಾಕೋ ರೋರಿ ಅನ್ಸುತ್ತೆ."

ರೋರಿ ಮೆಕ್‌ಇಲ್ರಾಯ್ ಆ ವರ್ಷ ಆಗಲೇ ಎರಡು ಟೂರ್ನಿ ಗೆದ್ದಿದ್ದ. ಆದರೂ ನಾನು ನಕ್ಕೆ. ನೋಡು, 2014ರಿಂದ ದೊಡ್ಡ ಟೂರ್ನಿ ಒಂದೂ ಗೆದ್ದಿಲ್ಲ. ಅಗಸ್ಟಾದಲ್ಲೇ 2011ರಲ್ಲಿ ಕೊನೇ ದಿನಕ್ಕೆ ನಾಲ್ಕು ಹೊಡೆತ ಮುಂದಿದ್ದವನು 80 ಹೊಡೆದು ಕೈಚೆಲ್ಲಿದ. 2024ರ ಯುಎಸ್ ಓಪನ್‌ನಲ್ಲಿ ಮಗು ಹಾಕುವಂಥ ಪಟ್ ತಪ್ಪಿಸಿ ಸೋತ. ಅವನ ತಲೆಯಲ್ಲೇ ಏನೋ ತೊಂದರೆ ಇದೆ, ದುಡ್ಡು ಹಾಕುವ ಆಸಾಮಿ ಅಲ್ಲ ಅಂತ ಹತ್ತು ನಿಮಿಷ ಭಾಷಣ ಮಾಡಿದೆ. ಅವನು "ನೀನ್ ಇಂಜಿನಿಯರ್ ಅಣ್ಣ, ನಿಂಗೆ ಗೊತ್ತಿರುತ್ತೆ" ಅಂದ. ನಾನು ಮೂರು ಸಾವಿರ ಹಾಕಿದೆ. ಅವನೆಷ್ಟು ಹಾಕುತ್ತಾನೆ ಅಂತ ಕೇಳಬೇಕು ಅನ್ನಿಸಲೂ ಇಲ್ಲ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಸೈಟಿನವರು ಒಬ್ಬ ಆಟಗಾರನಿಗೆ ಐದು ಪಟ್ಟು ಕೊಡುತ್ತೇವೆ ಅಂದರೆ ಅವನು ಗೆಲ್ಲುವ ಸಾಧ್ಯತೆ ಶೇಕಡಾ 20 ಅಂತ ಲೆಕ್ಕ. ಹತ್ತು ಪಟ್ಟಾದರೆ ಶೇಕಡಾ 10. ಹೀಗೆ ಎಲ್ಲ ಆಟಗಾರರದ್ದೂ ಕೂಡಿದರೆ ನೂರು ಬರಬೇಕು ತಾನೆ? ಒಬ್ಬನೇ ಗೆಲ್ಲುವುದು. ನಾನು ಕೂಡಿದಾಗ ಬಂದದ್ದು 130ರ ಮೇಲೆ. ಮೇಲಿನ ಮೂವತ್ತು ಅಂಗಡಿಯವನ ತಕ್ಕಡಿಯ ಕೆಳಗೆ ಅಂಟಿಸಿದ ಹುಣಸೆಹಣ್ಣು. ಟೈಗರ್ ವುಡ್ಸ್‌ನಂಥ ಟೈಗರ್ ವುಡ್ಸ್ ಪಿಜಿಎ ಟೂರ್‌ನಲ್ಲಿ 82 ಸಲ ಗೆದ್ದಿದ್ದಾನೆ, ಆದರೆ ಆಡಿದ್ದರಲ್ಲಿ ಅದು ಕಾಲು ಭಾಗವೂ ಆಗುವುದಿಲ್ಲ. ಎಷ್ಟೇ ದೊಡ್ಡ ಆಟಗಾರನನ್ನು ಹಿಡಿದರೂ ಸೋಲುವುದೇ ಹೆಚ್ಚು ಅನ್ನೋದು ಈ ಆಟದ ಸ್ವಭಾವ. ಇದೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ, ನಾನೇ ಮಾಡಿದ ಶೀಟಿನಲ್ಲಿ, ಬುಧವಾರದ ಮುಂಚೆಯೇ ಇತ್ತು. ತಮ್ಮನಿಗೆ ಹೇಳಲಿಲ್ಲ. ಹೇಳಿದರೆ ನನ್ನ ಪಟ್ಟಿಯ ಗತ್ತು ಇಳಿಯುತ್ತಿತ್ತು.

ಮೊದಲ ದಿನ ಶೆಫ್ಲರ್ ಒಂದೂ ತಪ್ಪಿಲ್ಲದೆ 68 ಹೊಡೆದ. ರೋರಿ ಚೆನ್ನಾಗಿ ಆಡುತ್ತಿದ್ದವನು 15 ಮತ್ತು 17ನೇ ಗುಳಿಗಳಲ್ಲಿ ಎರಡೆರಡು ಹೊಡೆತ ಕಳೆದು 72ಕ್ಕೆ ಬಂದು ನಿಂತ. ಶುಕ್ರವಾರ ಬೆಳಗ್ಗೆ ನಾನು "ನೋಡ್ದಾ?" ಅಂತ ಮೆಸೇಜ್ ಹಾಕಿದೆ. ತಮ್ಮನ ಉತ್ತರ ವಾಯ್ಸ್ ಮೆಸೇಜ್: "ಅಣ್ಣ, ಹಿಂಗೆ ಹಾಳ್ ಮಾಡ್ಕೊಂಡೋರು ಎರಡ್ ಥರ ಇರ್ತಾರೆ. ಒಬ್ರು ಬ್ಯಾಗ್ ಮೇಲೆ, ನಮ್ ಮೇಲೆ ರೇಗ್ತಾರೆ. ಇನ್ನೊಬ್ರು ಮಾತೇ ಆಡಲ್ಲ, ಸೀದಾ ಹೋಗ್ತಾರೆ. ಈ ಎರಡನೇರು ನಾಳೆ ಬಂದು ಆಡ್ತಾರೆ." ಅದನ್ನು ನನ್ನ ಪ್ರೋಗ್ರಾಂಗೆ ಹಾಕಲು ಯಾವ ಕಾಲಂ ಇರಲಿಲ್ಲ.

ಮುಂದಿನ ಎರಡು ದಿನ ರೋರಿ 66, 66. ಭಾನುವಾರ ರಾತ್ರಿ ಪೂರ್ತಿ ನಿದ್ದೆಗೆಟ್ಟು ಫೋನಿನಲ್ಲಿ ನೋಡಿದೆ. ಮೊದಲ ಗುಳಿಯಲ್ಲೇ ಎರಡು ಹೊಡೆತ ಕಳೆದ, 13ರಲ್ಲಿ ಚೆಂಡನ್ನು ಹಳ್ಳಕ್ಕೆ ಹಾಕಿದ, 15ರಲ್ಲಿ ಮರದ ಬಳಸಿನಿಂದ ಚೆಂಡು ತಿರುಗಿಸಿ ಗುಳಿ ಹತ್ತಿರ ಇಟ್ಟ, 18ರಲ್ಲಿ ಗೆಲ್ಲುವ ಪಟ್ ತಪ್ಪಿಸಿದ. ಜಸ್ಟಿನ್ ರೋಸ್ ಜೊತೆ ಸಮಬಲ. ಮತ್ತೆ ಅದೇ 18ನೇ ಗುಳಿ ಆಡಿಸಿದರು. ಸೋಮವಾರ ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ರೋರಿ ಗೆದ್ದು ಹುಲ್ಲಿನ ಮೇಲೆ ಮಂಡಿಯೂರಿ ಅಳುತ್ತಿದ್ದ. ಶೆಫ್ಲರ್ ನಾಲ್ಕನೆಯವನು. ನನ್ನ ಮೂರು ಸಾವಿರ ಹೋಯಿತು, ಹೋಗಲಿ ಅಂದುಕೊಂಡೆ. ಆಟ ಅಷ್ಟು ಚೆನ್ನಾಗಿತ್ತು. ತಮ್ಮನಿಗೆ ಫೋನ್ ಮಾಡಿ "ನೀನೇ ಗೆದ್ದೆ ಕಣೋ" ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಣ್ಣ, ಮೋಟಾರ್ ದುಡ್ಡು ಹಾಕ್ಬಿಟ್ಟಿದ್ದೆ. ಪೂರ್ತಿ."

ಅವನ ಲೆಕ್ಕ ಸರಳ. ಬೇಕಾದದ್ದು 45, ಇರೋದು 22, ಅಣ್ಣ ಹೇಳಿದವನು ಗೆದ್ದರೆ ಐದು ಪಟ್ಟು. ಮೋಟಾರ್ ಇಳಿಸಿ, ಉಳಿದದ್ದರಲ್ಲಿ ಅಮ್ಮನಿಗೆ ಒಂದು ಜೊತೆ ಓಲೆ. ಯಾವ ಓಲೆ ಅಂತಲೂ ನೋಡಿಟ್ಟಿದ್ದನಂತೆ. ಅವನ ಮನಸ್ಸು ರೋರಿ ಅಂದಿತ್ತು, ದುಡ್ಡು ಮಾತ್ರ ನನ್ನ ಮಾತಿಗೆ ಹಾಕಿದ. ರೋರಿ ಮೇಲೆ ಹಾಕಿ ಗೆದ್ದಿದ್ದರೆ? ಬಹಳ ದಿನ ಈ ಪ್ರಶ್ನೆ ಕಾಡಿತು. ಗೆದ್ದಿದ್ದರೆ ಮುಂದಿನ ಟೂರ್ನಿಗೆ ಮೋಟಾರ್ ದುಡ್ಡಲ್ಲ, ಒಂದೂವರೆ ಎಕರೆಯ ಕಾಗದ ಹೊರಗೆ ಬರುತ್ತಿತ್ತೇನೋ. ನಮ್ಮಿಬ್ಬರಲ್ಲಿ ಯಾರು ತರುತ್ತಿದ್ದೆವು ಅಂತ ಹೇಳಲಾರೆ.

ಆವತ್ತು ಅಂಬೇಡ್ಕರ್ ಜಯಂತಿ, ರಜೆ. ಬೈಕ್ ತಗೊಂಡು ಕುಂದಾಣದ ಕಡೆ ಹೋದೆ. ಚಿಕ್ಕಮ್ಮ ಟ್ಯಾಂಕರ್ ನೀರನ್ನು ಬಿಂದಿಗೆಯಲ್ಲಿ ಹೊತ್ತು ಬುಡಬುಡಕ್ಕೆ ಹುಯ್ಯುತ್ತಿದ್ದರು. ಎಲೆಗಳ ಅಂಚು ಕಂದಾಗಿತ್ತು. "ಬಾರಪ್ಪ, ರಜಾನಾ? ತಿಂಡಿ ಆಯ್ತಾ?" ಅಂದರು. ಹೇಳಬೇಕು ಅಂತಲೇ ಹೋದವನು ಹೇಳಲಿಲ್ಲ. ಮೋಟಾರ್‌ಗೆ ನಾನು ಹಾಕ್ತೀನಿ ಚಿಕ್ಕಮ್ಮ, ಬೋನಸ್ ಬಂದಿದೆ ಅಂದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಿಂತ ಹೆಚ್ಚು ಅಂದರು. ತಮ್ಮ ಬಳ್ಳಿಯ ಹಿಂದೆ ನಿಂತಿದ್ದ, ಈ ಕಡೆ ನೋಡಲಿಲ್ಲ. ಆ ಮಾತು ಅವನಿಗೆ ಹೇಗೆ ಕೇಳಿಸಿರಬೇಕು.

ಅಪ್ಪನಿಗೆ ಮಾತ್ರ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. 2007ರಲ್ಲಿ ರಾಜ್ಯ ಸರ್ಕಾರ ಲಾಟರಿ ನಿಲ್ಲಿಸುವ ಮುಂಚೆ ನಮ್ಮ ಮನೆಯಲ್ಲಿ ಆರು ಮಗ್ಗ ಇದ್ದವು, ನಿಲ್ಲಿಸಿದಾಗ ನಾಲ್ಕು. ಎರಡು ಮಗ್ಗ ಸಿಂಗಲ್ ನಂಬರ್ ಲಾಟರಿಗೆ ಹೋದವು ಅಂತ ಅಮ್ಮ ಜಗಳವಾದಾಗೆಲ್ಲ ಹೇಳುತ್ತಿದ್ದರು. ಅಪ್ಪ ಅದರ ಬಗ್ಗೆ ತಾವಾಗಿ ಮಾತಾಡಿದ್ದು ಆವತ್ತೇ. "ನಾನು ಬೆಳಗಿನ ಜಾವದ ಕನಸು ನೋಡಿ ನಂಬರ್ ಹಾಕ್ತಿದ್ದೆ. ಪಕ್ಕದ ಮನೆಯೋನೂ ನನ್ನ ಕೇಳಿ ಹಾಕ್ತಿದ್ದ, ಪಾಪ. ಅವನ ಮನೆ ಮುಂದೆ ಹೋಗೋಕೆ ಈಗ್ಲೂ ಮುಜುಗರ" ಅಂದರು. ನೂಲು ತುಂಡಾಗಿದ್ದಕ್ಕೋ ಏನೋ, ಎದ್ದು ಮಗ್ಗದ ಹತ್ತಿರ ಹೋದರು.

ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಆಫೀಸಿನಲ್ಲಿ ಫ್ಯಾಂಟಸಿ ಟೀಮ್ ಮಾಡುತ್ತಿದ್ದವರೆಲ್ಲ ಗೊಣಗಿದರು. ಆ ಹೊರದೇಶದ ಸೈಟಿನವರು ಮಾತ್ರ ಹೊಸ ಹೊಸ ನಂಬರಿನಿಂದ ನನಗೆ ಇನ್ನೂ ಮೆಸೇಜ್ ಹಾಕುತ್ತಾರೆ. ಬ್ಲಾಕ್ ಮಾಡುತ್ತೇನೆ, ಮತ್ತೆ ಬರುತ್ತೆ.

ತಮ್ಮ ತಿಂಗಳಿಗೆ ಎರಡು ಸಾವಿರದಂತೆ ನನಗೆ ವಾಪಸ್ ಕೊಡುತ್ತಿದ್ದಾನೆ. ಬೇಡ ಅಂದರೆ ಕೇಳಲ್ಲ. ಅಕ್ಟೋಬರ್‌ನಲ್ಲಿ ರೋರಿಯೇ ದೆಹಲಿ ಗಾಲ್ಫ್ ಕ್ಲಬ್ಬಿಗೆ ಆಡಲು ಬಂದಾಗ, ಎಷ್ಟೋ ತಿಂಗಳ ಮೇಲೆ ಗಾಲ್ಫ್ ವಿಷಯಕ್ಕೆ ಅವನಾಗಿಯೇ ಫೋನ್ ಮಾಡಿದ. "ಅಲ್ಲಿ ಎರಡೂ ಕಡೆ ಪೊದೆ ಅಣ್ಣ, ದೂರ ಹೊಡ್ಯೋನಿಗೆ ಲಾಭ ಇಲ್ಲ. ರೋರಿ ಡ್ರೈವರ್ರೇ ತೆಗೆದಿಟ್ಟಿದ್ದಾನಂತೆ. ನಾನು ಶೇನ್ ಲೌರಿ ಅಂತೀನಿ. ನೀನು?" ನಾನು ಪ್ರೋಗ್ರಾಂ ತೆರೆಯದೆ ರೋರಿ ಅಂದೆ. ಹಳೇ ಬಾಕಿ. ಸೋತವನು ಚಿಕ್ಕಮ್ಮನ ತೋಟದಲ್ಲಿ ಒಂದು ದಿನ ಬಳ್ಳಿ ಸವರಬೇಕು ಅಂತ ಪಂದ್ಯ ಕಟ್ಟಿದೆವು.

ಗೆದ್ದವನು ಟಾಮಿ ಫ್ಲೀಟ್‌ವುಡ್. ಮುಂದಿನ ಭಾನುವಾರ ಇಬ್ಬರೂ ಕತ್ತರಿ ಹಿಡಿದು ಒಂದೊಂದು ಸಾಲಿಗೆ ನಿಂತೆವು. ನಾನು ಎಲ್ಲಿ ಕತ್ತರಿಸಬೇಕೋ ಅಲ್ಲಿಗಿಂತ ಎರಡು ಕಣ್ಣು ಕೆಳಗೆ ಕತ್ತರಿಸುತ್ತಿದ್ದೇನೆ ಅಂತ ಚಿಕ್ಕಮ್ಮ ಹತ್ತು ನಿಮಿಷಕ್ಕೇ ಕತ್ತರಿ ಕಿತ್ತುಕೊಂಡು, ಹೋಗಿ ಮೋಟಾರ್ ಹಾಕು ಅಂದರು.