ಗೋಡೆಯ ಮೇಲೆ ಕಾಣದ ರೇಖೆ

ಕೆರೂರಿನ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆ. ಒಂಬತ್ತನೇ ತರಗತಿ, ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣ. ಲ್ಯಾಬಿನ ಪ್ರೊಜೆಕ್ಟರ್‌ಗೆ ಜೋಡಿಸಿದ ಹಳೆಯ ಕಂಪ್ಯೂಟರಿನಲ್ಲಿ ಉಬುಂಟು 18.04 ಇತ್ತು, ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಹೋಮ್. ಮೌಸ್ ಹಿಡಿದು ಮುಂದೆ ಕೂತರೆ ಹಿಂದಿನ ಬೆಂಚು ಕೈತಪ್ಪುತ್ತಿತ್ತು. ಹಿಂದೆ ನಿಂತೇ ಜಿಯೋಜಿಬ್ರಾ ನಡೆಸಬೇಕೆಂದು ರಿಮೋಟ್ ಡೆಸ್ಕ್‌ಟಾಪ್ ಹುಡುಕಹೊರಟೆ.

ಮೊದಲು ಹೊಳೆದದ್ದು ಎನಿಡೆಸ್ಕ್. ಹೆಸರು ಕೇಳಿದೊಡನೆ ಮುಖ್ಯಶಿಕ್ಷಕರು, "ಬ್ಯಾಂಕಿನ ರೊಕ್ಕ ಹೊಡಿಯಾಕ ಕಳ್ಳರು ಹಾಕಸ್ತಾರಲ್ಲ, ಅದ ಹೌದಿಲ್ರಿ?" ಎಂದರು. ಅಂಜಿಕೆ ಸುಳ್ಳಲ್ಲ, 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕೇ ಅಂಥ ವಂಚನೆ ಬಗ್ಗೆ ಎಚ್ಚರಿಸಿತ್ತು. ತಪ್ಪು ತಂತ್ರಾಂಶದ್ದಲ್ಲ, ಸಂಖ್ಯೆ ಕೇಳಿ ಒಳಹೊಗುವ ವಂಚಕರದ್ದು. ಆದರೂ ಮಕ್ಕಳ ಅಂಕಪಟ್ಟಿ ಇರುವ ಯಂತ್ರ, ನಾನು ವಾದಿಸಲಿಲ್ಲ. ಲ್ಯಾಬಿನಲ್ಲಿ ರೌಟರ್ ಇತ್ತೇ ಹೊರತು ಇಂಟರ್ನೆಟ್ ಇರಲಿಲ್ಲ.

ಹಾಗಾಗಿ ವಿಂಡೋಸಿನಲ್ಲೇ ಇರುವ ರಿಮೋಟ್ ಡೆಸ್ಕ್‌ಟಾಪ್ ಆರಿಸಿದೆ. ಹೋಮ್ ಆವೃತ್ತಿಯೊಳಗೆ ಅದರ ಮೂಲಕ ಬೇರೆಯವರು ಬರಲಾಗದು, ಅಲ್ಲಿಂದ ಹೊರಗೆ ಹೋಗಬಹುದು. ನನಗೆ ಅಷ್ಟು ಸಾಕಿತ್ತು. ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಉಬುಂಟುವಿಗೆ ಎಕ್ಸ್‌ಆರ್‌ಡಿಪಿ ಹಾಕಿದೆ, ನನಗೊಂದು ಬೇರೆ ಖಾತೆ ತೆರೆದೆ. ಸಂಜೆ ಖಾಲಿ ಲ್ಯಾಬಿನಲ್ಲಿ ಎಲ್ಲ ಸರಿಯಾಗಿ ನಡೆಯಿತು. ಪ್ರೊಜೆಕ್ಟರ್ ಮಾತ್ರ ಹಚ್ಚಿ ನೋಡಲಿಲ್ಲ.

ಮರುದಿನ ನಮ್ಮ ಉಪನ್ಯಾಸಕರು ವೀಕ್ಷಣೆಗೆ ಬಂದು ಕೂತಿದ್ದರು. ನಾನು ಹಿಂದೆ ನಿಂತು ರೇಖೆಯನ್ನು ಓರೆ ಮಾಡುತ್ತಿದ್ದೇನೆ, ವಿವರಿಸುತ್ತಿದ್ದೇನೆ. "ಟೀಚರ್, ಇಲ್ಲೇನೂ ಕಾಣವಲ್ದರಿ," ಎಂದ ಒಬ್ಬ. ಗೋಡೆಯ ಮೇಲೆ ಉಬುಂಟುವಿನ ಬರಿಯ ಪರದೆ! ಎಕ್ಸ್‌ಆರ್‌ಡಿಪಿ ನನಗಾಗಿ ಹೊಸದೊಂದು ಡೆಸ್ಕ್‌ಟಾಪ್ ತೆರೆದಿತ್ತು. ಎದುರಿನ ಪರದೆಯನ್ನು ಮುಟ್ಟಿರಲೇ ಇಲ್ಲ. ವೀಕ್ಷಣಾ ನಮೂನೆಯಲ್ಲಿ "ಉಪಕರಣ ಮೊದಲೇ ಪರೀಕ್ಷಿಸಿಲ್ಲ" ಎಂದು ಬಿತ್ತು. ಒಪ್ಪಿ ಸಹಿ ಹಾಕಿದೆ.

ನನಗೆ ಬೇಕಿದ್ದದ್ದು ವಿಎನ್‌ಸಿ. ಕೇಂಬ್ರಿಜ್‌ನ ಪ್ರಯೋಗಾಲಯದಲ್ಲಿ ಹುಟ್ಟಿದ ಈ ವಿಧಾನ ಪರದೆಯ ಚಿತ್ರವನ್ನೇ ಕಳಿಸುವುದರಿಂದ, ಆ ಕಡೆ ಉಬುಂಟು ಈ ಕಡೆ ವಿಂಡೋಸ್ ಎಂಬ ತಕರಾರಿಲ್ಲ. ತುಸು ನಿಧಾನ, ನಿಜ. ಎಕ್ಸ್11ವಿಎನ್‌ಸಿಗೆ ಪಾಸ್‌ವರ್ಡ್ ಇಡಲೇಬೇಕು. ಒಮ್ಮೆ ಸಂಪರ್ಕ ಕಡಿದರೆ ಅದು ತಾನೇ ಮುಚ್ಚಿಕೊಳ್ಳುತ್ತದೆ. 'ಫಾರೆವರ್' ಆಯ್ಕೆ ಸೇರಿಸಬೇಕೆಂದು ಪಾಠಯೋಜನೆಯ ಅಂಚಿನಲ್ಲೇ ಬರೆದುಕೊಂಡೆ. ಅಂಕ ತುಂಬುವ ಹೊತ್ತಿಗೆ ಅದನ್ನು ನಿಲ್ಲಿಸಿಡುತ್ತೇನೆಂದು ಮುಖ್ಯಶಿಕ್ಷಕರಿಗೆ ಮಾತು ಕೊಟ್ಟೆ.

ಮುಂದಿನ ಪಾಠದಲ್ಲಿ ಲ್ಯಾಪ್‌ಟಾಪನ್ನು ಕೊನೆಯ ಬೆಂಚಿನ ಮೇಲಿಟ್ಟೆ. ಎಂದೂ ಹಲಗೆಯ ತನಕ ಬಾರದ ಹುಡುಗಿಯೊಬ್ಬಳು ಸ್ಲೈಡರ್ ಎಳೆದಳು. ಗೋಡೆಯ ಮೇಲೆ ರೇಖೆ ಮಲಗಿತು, ಮತ್ತೆ ಆ ಕಡೆ ವಾಲಿತು. ಮುಂದಿನವರೆಲ್ಲ ತಿರುಗಿ ನೋಡಿದರು.

"ಟೀಚರ್, ಗೆರಿ ಈಗ ಕೆಳಗ ಇಳ್ಯಾಕತ್ತೈತಿ, ಯಾಕ್ರಿ?" ಎಂದಳು.